ತ್ರಿಕೋನ ಇಡುವವರು ಯಾರು?

ಹೆದ್ದಾರಿಯಲ್ಲಿ ಲಾರಿ ಕೆಟ್ಟು ನಿಂತಾಗ ಡ್ರೈವರ್ ಮೊದಲು ಮಾಡುವ ಕೆಲಸ ಬಾನೆಟ್ ಎತ್ತುವುದಲ್ಲ. ಕೆಂಪು ತ್ರಿಕೋನಗಳನ್ನು ಕೈಗೆತ್ತಿಕೊಂಡು, ಬರುವ ವಾಹನಗಳ ಕಡೆ ಮುಖ ಮಾಡಿ, ರಸ್ತೆಯಂಚಿನಲ್ಲಿ ಹಿಂದಕ್ಕೆ ನಡೆಯುವುದು. ಅಮೆರಿಕದಲ್ಲಿ ಇದು ಅಡಿ ಲೆಕ್ಕದಲ್ಲಿ ಬರೆದಿಟ್ಟ ನಿಯಮ. ನಿಂತ 10 ನಿಮಿಷದೊಳಗೆ ಮೂರು ತ್ರಿಕೋನ ಇಡಬೇಕು. ನಡುವೆ ವಿಭಜಕವಿರುವ ಹೆದ್ದಾರಿಯಾದರೆ ಒಂದು ಲಾರಿಯ ಬಾಲದಿಂದ 10 ಅಡಿಯೊಳಗೆ, ಇನ್ನೊಂದು 100 ಅಡಿ ಹಿಂದೆ, ಮೂರನೆಯದು 200 ಅಡಿ ಹಿಂದೆ. ಈ ನಿಯಮ ಬರೆದವರಿಗೆ, ಕ್ಯಾಬಿನ್ನಿನಲ್ಲಿ ಯಾರೂ ಇಲ್ಲದ ಲಾರಿಯೊಂದು ಬಂದೀತೆಂಬ ಯೋಚನೆಯೇ ಇರಲಿಲ್ಲ.

ಅಂಥ ಲಾರಿ ಬಂತು. ತ್ರಿಕೋನ ಇಡಲು ಕೈ ಇಲ್ಲ, ಅದರ ಬದಲು ಕ್ಯಾಬಿನ್ ಮೇಲೆ ಮಿನುಗುವ ದೀಪ ಹಾಕಿಕೊಳ್ಳಲು ಬಿಡಿ ಎಂದು ಚಾಲಕರಹಿತ ವಾಹನ ರೂಪಿಸುವ ವೇಮೊ ಮತ್ತು ಅರೋರಾ ಕಂಪನಿಗಳು 2023ರಲ್ಲಿ ಅರ್ಜಿ ಹಾಕಿದವು. ಫೆಡರಲ್ ಸಾರಿಗೆ ಸುರಕ್ಷತಾ ಆಡಳಿತ 2024ರ ಡಿಸೆಂಬರ್‌ನಲ್ಲಿ ಆಗದು ಎಂದಿತು. ಅರೋರಾ ಕೋರ್ಟಿನ ಮೆಟ್ಟಿಲು ಹತ್ತಿತು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ತಾತ್ಕಾಲಿಕ ವಿನಾಯಿತಿ ಸಿಕ್ಕಿತು. ಲೇಸರ್, ರಾಡಾರ್, ಕೋಟಿಗಟ್ಟಲೆ ಡಾಲರ್ ಬಂಡವಾಳ ಎಲ್ಲವೂ ಇದ್ದ ಯಂತ್ರ ಮೂರು ತ್ರಿಕೋನಗಳ ಮುಂದೆ ವರ್ಷಗಟ್ಟಲೆ ತಡವರಿಸಿತು.

ನಗು ಬರುವ ವಿಷಯ, ಆದರೆ ಚಾಲಕರಹಿತ ಲಾರಿಯ ಇಡೀ ಕಥೆ ಇದರಲ್ಲೇ ಇದೆ. ಡ್ರೈವರ್ ಎಂದರೆ ಸ್ಟಿಯರಿಂಗ್ ತಿರುಗಿಸುವವನು ಎಂದು ನಾವು ಅಂದುಕೊಂಡಿದ್ದೇವೆ. ಅದು ಅವನ ಹತ್ತು ಕೆಲಸಗಳಲ್ಲಿ ಒಂದು. ಯಂತ್ರ ಕಲಿತಿರುವುದು ಆ ಒಂದನ್ನು. ಉಳಿದ ಒಂಬತ್ತನ್ನು ಯಾರು ಮಾಡುತ್ತಾರೆ, ಅದಕ್ಕೆ ಯಾರು ಕೂಲಿ ಕೊಡುತ್ತಾರೆ ಎಂಬುದರ ಮೇಲೆ ಸರಕು ಸಾಗಣೆಯ ಮುಂದಿನ ಚಿತ್ರ ನಿಂತಿದೆ. ಎಷ್ಟು ಲಕ್ಷ ಕೆಲಸ ಹೋಗುತ್ತದೆ ಎಂಬ ಪ್ರಶ್ನೆಗೆ ಸಿಗುವಷ್ಟು ಗಮನ ಇದಕ್ಕೆ ಸಿಗುತ್ತಿಲ್ಲ.

ಈಗ ಎಲ್ಲಿಗೆ ಬಂದಿದೆ ಎಂಬುದನ್ನು ಮೊದಲು ನೋಡೋಣ. 2025ರ ಮೇ ತಿಂಗಳ ಆರಂಭದಲ್ಲಿ ಅರೋರಾ ಕಂಪನಿ ಟೆಕ್ಸಾಸ್‌ನ ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ ಚಾಲಕನಿಲ್ಲದ ವಾಣಿಜ್ಯ ಸಾಗಣೆ ಶುರು ಮಾಡಿದ್ದಾಗಿ ಪ್ರಕಟಿಸಿತು. ಮೊದಲಿಗೆ ಹಗಲು ಹೊತ್ತು, ತಿಳಿ ಹವೆಯಲ್ಲಿ ಮಾತ್ರ. ರಾತ್ರಿ ಓಡಾಟ ಕೆಲವು ತಿಂಗಳ ಬಳಿಕ ಸೇರಿತು. ಸುದ್ದಿ ಎಲ್ಲೆಡೆ ಹರಡಿ ಕೆಲವೇ ವಾರಗಳಾಗಿದ್ದವು, ಲಾರಿ ತಯಾರಿಸಿದ ಪ್ಯಾಕಾರ್ ಕಂಪನಿ ತನ್ನ ವಾಹನದಲ್ಲಿ ಕೆಲವು ಪ್ರಾಯೋಗಿಕ ಬಿಡಿಭಾಗಗಳಿವೆ, ಆದ್ದರಿಂದ ಮುಂದಿನ ಸೀಟಿನಲ್ಲಿ ಒಬ್ಬರು ಇರಲಿ ಎಂದು ಕೇಳಿಕೊಂಡಿತು. ಅರೋರಾ ಒಪ್ಪಿತು. ಹಾಗೆ ಡ್ರೈವರ್ ಸೀಟಿಗೆ ಮತ್ತೆ ಮನುಷ್ಯ ಬಂದು ಕುಳಿತ. ಲಾರಿ ಓಡಿಸುವುದು ಅವನ ಕೆಲಸವಲ್ಲ, ಅವನು ವೀಕ್ಷಕ ಎಂದು ಕಂಪನಿ ಸ್ಪಷ್ಟಪಡಿಸಿತು. ಸ್ಟಿಯರಿಂಗ್ ಎದುರು ಕುಳಿತು ಅದನ್ನು ಮುಟ್ಟದಿರುವುದೇ ಉದ್ಯೋಗ!

ಇದನ್ನು ಸೋಲು ಎಂದು ಓದಿದವರೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಇದು ಈ ಉದ್ಯಮದಲ್ಲಿ ವೇಗ ನಿರ್ಧರಿಸುವವರು ಸಾಫ್ಟ್‌ವೇರ್ ಬರೆಯುವವರಲ್ಲ ಎಂಬುದರ ಸೂಚನೆ. ಸಾಮಾನ್ಯ ಲಾರಿಯಲ್ಲಿ ಬ್ರೇಕ್ ಅಥವಾ ಪವರ್ ಸ್ಟಿಯರಿಂಗ್ ಕೈಕೊಟ್ಟರೆ ಕೊನೆಯ ಆಸರೆ ಚಾಲಕನ ರಟ್ಟೆ ಮತ್ತು ಕಾಲು. ಅವನನ್ನು ಇಳಿಸಿದ ಮೇಲೆ ಆ ಆಸರೆಯನ್ನು ಲೋಹದಲ್ಲೇ ಕಟ್ಟಬೇಕು: ಸ್ಟಿಯರಿಂಗಿಗೆ ಎರಡನೇ ವ್ಯವಸ್ಥೆ, ಬ್ರೇಕಿಗೆ ಎರಡನೇ ವ್ಯವಸ್ಥೆ, ವಿದ್ಯುತ್ತಿಗೆ ಎರಡನೇ ದಾರಿ. ಇದನ್ನು ಕೊಡಬಲ್ಲವರು ವೋಲ್ವೊ, ಡೈಮ್ಲರ್, ಪ್ಯಾಕಾರ್‌ನಂಥ ಹಳೆಯ ತಯಾರಕರೇ. ಅವರಿಗೆ ಆತುರವಿಲ್ಲ, ಏಕೆಂದರೆ ಅವಘಡವಾದರೆ ಹೋಗುವುದು ಹತ್ತಾರು ವರ್ಷ ಕಾಪಾಡಿಕೊಂಡು ಬಂದ ಹೆಸರು.

ಆತುರಪಟ್ಟವರ ಪಟ್ಟಿ ಉದ್ದ ಇದೆ. 2016ರ ಅಕ್ಟೋಬರ್‌ನಲ್ಲಿ ಒಟ್ಟೊ ಕಂಪನಿಯ ಲಾರಿ ಕೊಲರಾಡೊದ ಹೆದ್ದಾರಿಯಲ್ಲಿ ಸುಮಾರು 50,000 ಬಿಯರ್ ಡಬ್ಬಿ ಹೊತ್ತು ತಾನಾಗಿ ಓಡಿತು. ಚಾಲಕ ಹಿಂದಿನ ಮಲಗುವ ಜಾಗದಲ್ಲಿ ಕುಳಿತಿದ್ದ. ಜಗತ್ತು ಬೆರಗಾಯಿತು. ಅದನ್ನು ಕೊಂಡಿದ್ದ ಊಬರ್ 2018ರಲ್ಲಿ ಲಾರಿ ವಿಭಾಗವನ್ನೇ ಮುಚ್ಚಿತು. 2019ರಲ್ಲಿ ಫ್ಲೋರಿಡಾದ ಹೆದ್ದಾರಿಯಲ್ಲಿ ಖಾಲಿ ಕ್ಯಾಬಿನ್ನಿನ ಲಾರಿ ಓಡಿಸಿ ತೋರಿಸಿದ ಸ್ಟಾರ್‌ಸ್ಕೀ ರೊಬೊಟಿಕ್ಸ್ 2020ರಲ್ಲಿ ಬಾಗಿಲು ಹಾಕಿತು. 2021ರ ಡಿಸೆಂಬರ್‌ನಲ್ಲಿ ಅರಿಜೋನಾದಲ್ಲಿ ರಾತ್ರಿ 80 ಮೈಲಿ ಓಡಿಸಿದ ಟುಸಿಂಪಲ್ ಈಗ ಆ ದೇಶದಲ್ಲಿ ಲಾರಿ ಓಡಿಸುತ್ತಿಲ್ಲ. ಟ್ಯಾಕ್ಸಿಯಲ್ಲಿ ಗೆದ್ದ ವೇಮೊ ಕೂಡ 2023ರಲ್ಲಿ ಲಾರಿಯನ್ನು ಬದಿಗಿಟ್ಟಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಹಣ ಹೋಯಿತು.

ನಗರದ ಟ್ಯಾಕ್ಸಿಗಿಂತ ಹೆದ್ದಾರಿಯ ಲಾರಿ ಸುಲಭ ಎಂದು ಎಲ್ಲರೂ ನಂಬಿದ್ದರು. ಪಾದಚಾರಿಗಳಿಲ್ಲ, ಸಿಗ್ನಲ್ಲಿಲ್ಲ, ಎಡಬಲದ ಗೊಂದಲವಿಲ್ಲ, ನೇರ ರಸ್ತೆ. ಲೆಕ್ಕ ತಪ್ಪಿದ್ದು ತೂಕ ಮತ್ತು ವೇಗದಲ್ಲಿ. ತುಂಬಿದ ಅಮೆರಿಕನ್ ಟ್ರೇಲರ್ ಲಾರಿಯ ತೂಕ 36 ಟನ್ನಿನಷ್ಟು. ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 29 ಮೀಟರ್ ಮುಂದೆ ಹೋಗುತ್ತದೆ. ಪೂರ್ತಿ ನಿಲ್ಲಲು 160 ಮೀಟರ್ ಬೇಕು. ಅದೇ ವೇಗದ ಕಾರಿಗೆ ನೂರು ಮೀಟರಿನೊಳಗೆ ಸಾಕು. ಹಾಗಾಗಿ ಯಂತ್ರ ಮುನ್ನೂರು ಮೀಟರ್ ಆಚೆಯದನ್ನು ಕಾಣಬೇಕು. ಕಂಡರೆ ಸಾಲದು, ಅದೇನು ಎಂದು ತಿಳಿಯಬೇಕು. ದೂರದಲ್ಲಿ ರಸ್ತೆಯ ಮೇಲೆ ಕಪ್ಪಗೆ ಏನೋ ಬಿದ್ದಿದೆ. ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲವೇ? ಹಾಗಾದರೆ ಮೇಲೆ ಹತ್ತಿಸಿ ಹೋಗಬಹುದು. ಬೇರೊಂದು ಲಾರಿಯ ಟೈರಿನಿಂದ ಕಿತ್ತುಬಂದ ರಬ್ಬರ್ ಪಟ್ಟಿಯೇ? ಅದು ಏರ್ ಪೈಪು ಹರಿಯಬಲ್ಲದು. ಚೀಲಕ್ಕೆ ಹೆದರಿ ಗಕ್ಕನೆ ಬ್ರೇಕ್ ಒತ್ತಿದರೆ ಹಿಂದಿನ ಕಾರು ಟ್ರೇಲರಿನ ಅಡಿಗೆ ಬರುತ್ತದೆ. ಹಳೆಯ ಡ್ರೈವರ್ ಇದನ್ನು ಮುಂದಿನ ವಾಹನಗಳು ಹೇಗೆ ಸರಿಯುತ್ತಿವೆ ಎಂಬುದನ್ನು ನೋಡಿಯೇ ಊಹಿಸುತ್ತಾನೆ. ನಗರದ ಟ್ಯಾಕ್ಸಿಗೆ ಗೊಂದಲವಾದರೆ ಪಕ್ಕಕ್ಕೆ ನಿಂತುಬಿಡುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅಷ್ಟೆ. ಹೆದ್ದಾರಿಯಲ್ಲಿ ನಿಲ್ಲುವುದೇ ಒಂದು ಅಪಾಯ. ಅದಕ್ಕೇ ಆ ತ್ರಿಕೋನಗಳು.

ಇಷ್ಟೆಲ್ಲ ಕಷ್ಟವಿದ್ದರೂ ಹೂಡಿಕೆದಾರರು ಬಿಡದಿರುವುದು ಏಕೆ? ಚಾಲಕನ ಸಂಬಳ ಉಳಿಯುತ್ತದೆ ಎಂಬುದು ಸಾಮಾನ್ಯ ಉತ್ತರ. ಅದು ಅರ್ಧ ಸತ್ಯ. ಅಮೆರಿಕನ್ ಸಾರಿಗೆ ಸಂಶೋಧನಾ ಸಂಸ್ಥೆಯ 2024ರ ಲೆಕ್ಕದಂತೆ ಲಾರಿ ಓಡಿಸುವ ಖರ್ಚು ಮೈಲಿಗೆ 2.26 ಡಾಲರ್, ಅದರಲ್ಲಿ ಶೇ 40ಕ್ಕೂ ಹೆಚ್ಚು ಚಾಲಕನ ವೇತನ ಮತ್ತು ಸೌಲಭ್ಯಗಳಿಗೆ. ಆದರೆ ಅವನನ್ನು ಇಳಿಸಿದರೆ ಅಷ್ಟೂ ಉಳಿಯುವುದಿಲ್ಲ. ಸೆನ್ಸರ್, ದೂರದ ನಿಯಂತ್ರಣ ಕೊಠಡಿ, ವಿಮೆ, ಟರ್ಮಿನಲ್ ಬಾಡಿಗೆ, ಮತ್ತು ‘ಚಾಲಕ’ ಸಾಫ್ಟ್‌ವೇರಿಗೆ ಮೈಲಿ ಲೆಕ್ಕದ ಶುಲ್ಕ ಆ ಜಾಗಕ್ಕೆ ಬರುತ್ತವೆ.

ನಿಜವಾದ ಲಾಭ ಗಡಿಯಾರದಲ್ಲಿದೆ. ಅಮೆರಿಕದ ನಿಯಮದಂತೆ ಚಾಲಕ ಒಂದು ಪಾಳಿಯಲ್ಲಿ ಹೆಚ್ಚೆಂದರೆ 11 ಗಂಟೆ ಓಡಿಸಬಹುದು, ಬಳಿಕ 10 ಗಂಟೆ ವಿಶ್ರಾಂತಿ ಕಡ್ಡಾಯ. ಯುರೋಪಿನಲ್ಲಿ ಇನ್ನೂ ಬಿಗಿ: ದಿನಕ್ಕೆ 9 ಗಂಟೆ, ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ವಿರಾಮ. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಿಂದ ಅರಿಜೋನಾದ ಫೀನಿಕ್ಸ್‌ಗೆ ಸುಮಾರು 1,600 ಕಿಲೋಮೀಟರ್. ಗಂಟೆಗೆ 100ರಂತೆ ಹಿಡಿದರೂ 16 ಗಂಟೆಯ ದಾರಿ. ಒಬ್ಬನೇ ಡ್ರೈವರ್ ಆದರೆ ನಡುವೆ ಮಲಗಲೇಬೇಕು, ಒಟ್ಟು 26 ಗಂಟೆ ದಾಟುತ್ತದೆ. ಯಂತ್ರಕ್ಕೆ ಡೀಸೆಲ್ ಹಾಕಿಸುವಷ್ಟು ಹೊತ್ತು ಸಾಕು. ಲಕ್ಷಾಂತರ ಡಾಲರಿನ ವಾಹನ ರಾತ್ರಿಯಿಡೀ ರಸ್ತೆ ಬದಿ ನಿಲ್ಲುವುದು ತಪ್ಪುತ್ತದೆ. ಬೇಗ ಕೊಳೆಯುವ ತರಕಾರಿ, ಹಣ್ಣು, ಔಷಧಗಳಿಗೆ ಈ 10 ಗಂಟೆಯೇ ದೊಡ್ಡ ಮಾತು. ದಾರಿ ಉದ್ದವಾದಷ್ಟೂ ಯಂತ್ರದ ಕಡೆ ತಕ್ಕಡಿ ವಾಲುತ್ತದೆ. 300 ಕಿಲೋಮೀಟರ್ ದಾರಿಯಲ್ಲಿ ಮನುಷ್ಯನಿಗೆ ನಿದ್ದೆಯೇ ಬೇಕಿಲ್ಲ, ಅಲ್ಲಿ ಯಂತ್ರ ಗೆಲ್ಲುವುದು ಕಷ್ಟ.

ಅಂದರೆ ಮೊದಲು ಹೋಗುವುದು ದೂರದ ದಾರಿಯ ಕೆಲಸ. ಅದು ಹೇಗೆ ಹೋಗುತ್ತದೆ ಎಂಬುದಕ್ಕೆ ಉದ್ಯಮ ಮುಂದಿಡುವ ಮಾದರಿ ಸರಳ. ಹೆದ್ದಾರಿಯ ಪಕ್ಕ, ನಗರದ ಹೊರಗೆ ಒಂದು ಟರ್ಮಿನಲ್. ಗೋದಾಮಿನಿಂದ ಅಲ್ಲಿಯವರೆಗೆ ಮನುಷ್ಯ ಟ್ರೇಲರ್ ಎಳೆದು ತರುತ್ತಾನೆ. ಅಲ್ಲಿ ಯಂತ್ರ ಎತ್ತಿಕೊಂಡು ಸಾವಿರ ಕಿಲೋಮೀಟರ್ ಓಡುತ್ತದೆ. ಆ ತುದಿಯ ಟರ್ಮಿನಲ್‌ನಲ್ಲಿ ಮತ್ತೊಬ್ಬ ಮನುಷ್ಯ ಎಳೆದುಕೊಂಡು ನಗರದೊಳಗೆ ಹೋಗುತ್ತಾನೆ. ಕೇಳಲು ಒಳ್ಳೆಯ ಪಾಲುಗಾರಿಕೆ. ಡ್ರೈವರಿಗೆ ಸಂಜೆ ಮನೆಗೆ ಹೋಗಬಹುದಾದ ಕೆಲಸ ಸಿಗುತ್ತದೆ, ವಾರಗಟ್ಟಲೆ ಕ್ಯಾಬಿನ್ನಿನಲ್ಲಿ ಮಲಗುವುದು ತಪ್ಪುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಅದು ಸುಳ್ಳಲ್ಲ.

ಆದರೆ ಪಾಲು ಹಂಚಿದ ರೀತಿ ನೋಡಿ. ಅಮೆರಿಕದ ದೂರದ ದಾರಿಯ ಚಾಲಕರಲ್ಲಿ ಬಹುಪಾಲು ಮಂದಿಗೆ ಸಂಬಳ ಮೈಲಿ ಲೆಕ್ಕದಲ್ಲಿ. ಚಕ್ರ ತಿರುಗಿದರೆ ದುಡ್ಡು. ಗೋದಾಮಿನ ಗೇಟಿನಲ್ಲಿ ಸಾಲು ನಿಂತರೆ, ಲೋಡು ತುಂಬುವವನು ಬರುವವರೆಗೆ ಕಾದರೆ, ಕಾಗದಕ್ಕೆ ಸಹಿ ಬೀಳಲಿ ಎಂದು ಕುಳಿತರೆ ದುಡ್ಡಿಲ್ಲ, ಅಥವಾ ಹೆಸರಿಗಷ್ಟೇ ಇದೆ. ಓವರ್‌ಟೈಮ್ ಕೇಳುವಂತೆಯೂ ಇಲ್ಲ. 1938ರ ಕಾರ್ಮಿಕ ಕಾಯ್ದೆ ಅಂತರರಾಜ್ಯ ಲಾರಿ ಚಾಲಕರನ್ನು ಅದರಿಂದ ಹೊರಗಿಟ್ಟಿದೆ. ಎಂಐಟಿಯ ಸಂಶೋಧಕ ಡೇವಿಡ್ ಕೊರೆಲ್ ದಾಖಲೆಗಳನ್ನು ಜಾಲಾಡಿ ಕಂಡುಕೊಂಡದ್ದು, 11 ಗಂಟೆ ಓಡಿಸಲು ಅನುಮತಿಯಿರುವ ಚಾಲಕ ಸರಾಸರಿ ಓಡಿಸುವುದು ದಿನಕ್ಕೆ ಆರೂವರೆ ಗಂಟೆ. ಉಳಿದದ್ದರಲ್ಲಿ ದೊಡ್ಡ ಪಾಲು ಗೋದಾಮುಗಳ ಬಾಗಿಲಲ್ಲಿ ಕರಗುತ್ತದೆ.

ಈಗ ಯಂತ್ರ ಬಂದು ತನಗೆ ಆರಿಸಿಕೊಂಡದ್ದು ಯಾವ ಭಾಗ? ಚಕ್ರ ತಿರುಗುವ ಭಾಗ, ದುಡ್ಡು ಹುಟ್ಟುವ ಭಾಗ. ಮನುಷ್ಯನಿಗೆ ಬಿಟ್ಟದ್ದು ಕಾಯುವ ಭಾಗ. ಇದರಲ್ಲಿ ಯಾರ ಪಿತೂರಿಯೂ ಇಲ್ಲ, ತಂತ್ರಜ್ಞಾನಕ್ಕೆ ಸುಲಭವಾದದ್ದು ಹಾಗಿದೆ ಅಷ್ಟೆ. ಆದರೆ ಮೈಲಿ ಲೆಕ್ಕದ ಕೂಲಿ ಹಾಗೇ ಇದ್ದು ಮೈಲಿಗಳೇ ಹೊರಟುಹೋದರೆ ಆ ಚಾಲಕನ ಗತಿ ಏನು? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಸ್ಟೀವ್ ವಿಸೆಲಿ, ಸ್ವತಃ ಲಾರಿ ಓಡಿಸಿ ಈ ಲೋಕ ಅರಿತವರು, 2018ರ ವರದಿಯಲ್ಲಿ ಎಚ್ಚರಿಸಿದ್ದು ಇದನ್ನೇ. ದೂರದ ದಾರಿಯ 2,94,000 ಕೆಲಸಗಳು ಅಪಾಯದಲ್ಲಿವೆ, ಅವುಗಳಲ್ಲಿ ಪಾರ್ಸೆಲ್ ಕಂಪನಿಗಳ ಒಳ್ಳೆಯ ಸಂಬಳದ ಕೆಲಸಗಳೂ ಸೇರಿವೆ, ಬದಲಿಗೆ ಹೆಚ್ಚುವುದು ಬಂದರಿನಿಂದ ಕಂಟೇನರ್ ಎಳೆಯುವಂಥ ಕಡಿಮೆ ಕೂಲಿಯ, ‘ಸ್ವತಂತ್ರ ಗುತ್ತಿಗೆದಾರ’ ಎಂಬ ಹಣೆಪಟ್ಟಿಯ ಕೆಲಸಗಳು ಎಂದರು.

ಸಂಖ್ಯೆಗಳ ವಿಚಾರಕ್ಕೆ ಬಂದೆವಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. 2016ರ ಡಿಸೆಂಬರ್‌ನಲ್ಲಿ ಶ್ವೇತಭವನದ ವರದಿಯೊಂದು ಭಾರೀ ಲಾರಿ ಚಾಲಕರ ಕೆಲಸಗಳಲ್ಲಿ ಶೇ 80ರಿಂದ 100ರಷ್ಟು ಅಪಾಯದಲ್ಲಿವೆ, ಅಂದರೆ 13 ಲಕ್ಷಕ್ಕೂ ಹೆಚ್ಚು ಎಂದಿತ್ತು. ಎರಡೇ ವರ್ಷದಲ್ಲಿ ವಿಸೆಲಿಯವರ ಲೆಕ್ಕ ಮೂರು ಲಕ್ಷದೊಳಗೆ ಇಳಿಯಿತು. 2022ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಲೆಗಳನ್ನು ಬಿಟ್ಟು ಗಂಟೆಗಳನ್ನು ಎಣಿಸಿದರು: ಯಂತ್ರ ಎಲ್ಲ ಹವೆಯಲ್ಲೂ ಎಲ್ಲ ರಾಜ್ಯಗಳಲ್ಲೂ ಓಡಬಲ್ಲದಾದರೆ ದೂರದ ದಾರಿಯ ಚಾಲನೆಯ ಶೇ 94ರಷ್ಟು ಗಂಟೆಗಳು ಹೋಗಬಹುದು, ದಕ್ಷಿಣದ ಬಿಸಿಲು ರಾಜ್ಯಗಳಿಗೆ ಮಾತ್ರ ಸೀಮಿತವಾದರೆ ಸುಮಾರು ಶೇ 10. ಮೂವರೂ ತಪ್ಪು ಹೇಳಿಲ್ಲ. ಮೊದಲನೆಯವರು ಹುದ್ದೆಯ ಹೆಸರು ಎಣಿಸಿದರು, ಎರಡನೆಯವರು ಆ ಹೆಸರಿನೊಳಗಿನ ಬಗೆಬಗೆಯ ಕೆಲಸ ಬಿಡಿಸಿದರು, ಮೂರನೆಯವರು ಹಿಮ ಮತ್ತು ಮಳೆಯನ್ನು ಲೆಕ್ಕಕ್ಕೆ ತಂದರು. ‘ಇಷ್ಟು ಲಕ್ಷ ಮಂದಿ ಬೀದಿಪಾಲು’ ಎಂಬ ತಲೆಬರಹ ಕಂಡಾಗ ಏನನ್ನು ಎಣಿಸಿದ್ದಾರೆ ಎಂದು ಕೇಳುವುದು ಒಳ್ಳೆಯದು.

ಇನ್ನೊಂದು ಕಡೆಯಿಂದ ಬರುವ ವಾದ, ಚಾಲಕರೇ ಸಿಗುತ್ತಿಲ್ಲ, ಯಂತ್ರ ಯಾರ ಕೆಲಸವನ್ನೂ ಕಸಿಯುವುದಿಲ್ಲ ಎಂಬುದು. 2021ರಲ್ಲಿ ಅಮೆರಿಕದ ಲಾರಿ ಮಾಲೀಕರ ಸಂಘ 80,000 ಚಾಲಕರ ಕೊರತೆ ಇದೆ ಎಂದಿತು. ಸ್ವಂತ ಲಾರಿ ಓಡಿಸುವ ಚಾಲಕರ ಸಂಘ ಅದನ್ನು ಒಪ್ಪಲೇ ಇಲ್ಲ. ದೊಡ್ಡ ಕಂಪನಿಗಳಲ್ಲಿ ಚಾಲಕರು ಕೆಲಸ ಬಿಟ್ಟುಹೋಗುವ ಪ್ರಮಾಣ ಎಷ್ಟೋ ವರ್ಷ ಶೇ 90ರ ಆಸುಪಾಸಿನಲ್ಲಿತ್ತು. ಬಕೆಟ್ಟಿನ ತಳವೇ ತೂತಾಗಿರುವಾಗ ನೀರಿನ ಕೊರತೆ ಎನ್ನುವುದು ವಿಚಿತ್ರ. 1980ರಲ್ಲಿ ಸರ್ಕಾರ ಬಾಡಿಗೆ ದರಗಳ ಮೇಲಿನ ಹಿಡಿತ ಸಡಿಲಿಸಿದ ಬಳಿಕ ಪೈಪೋಟಿ ಏರಿತು, ಸರಕು ಸಾಗಣೆ ಅಗ್ಗವಾಯಿತು, ಚಾಲಕರ ನೈಜ ವೇತನ ಇಳಿಯಿತು. ಯುವಕರು ಸ್ಟಿಯರಿಂಗಿಗೆ ಬೆನ್ನು ತಿರುಗಿಸಿದ್ದು ಲಾರಿ ಓಡಿಸಲು ಬೇಸರವಾಗಿ ಅಲ್ಲ.

ಸುರಕ್ಷತೆಯ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅಮೆರಿಕದಲ್ಲಿ ದೊಡ್ಡ ಲಾರಿಗಳ ಅಪಘಾತದಲ್ಲಿ ವರ್ಷಕ್ಕೆ 5,000ಕ್ಕೂ ಹೆಚ್ಚು ಮಂದಿ ಸಾಯುತ್ತಾರೆ, ಬಹುಪಾಲು ಎದುರಿನ ಅಥವಾ ಪಕ್ಕದ ವಾಹನದವರು. ಬೆಳಗಿನ ಜಾವ ರೆಪ್ಪೆ ಮುಚ್ಚುವುದು, ಮೊಬೈಲ್ ನೋಡುವುದು, ತಡವಾಯಿತೆಂದು ವೇಗ ಏರಿಸುವುದು ಇವು ಯಂತ್ರಕ್ಕಿಲ್ಲ. ಆದರೆ ‘ಹೆಚ್ಚು ಸುರಕ್ಷಿತ’ ಎಂದು ಸಾಬೀತು ಮಾಡುವುದು ಬೇರೆ ಮಾತು. ಮನುಷ್ಯರು ಓಡಿಸುವಾಗಲೂ ಸಾವು ಸಂಭವಿಸುವುದು ಕೋಟಿಗಟ್ಟಲೆ ಮೈಲಿಗೊಮ್ಮೆ. ಯಂತ್ರ ಓಡಿಸಿದಾಗ ಸಾವು ಅದಕ್ಕಿಂತ ಹೆಚ್ಚಿಲ್ಲ ಎಂದು ಅಂಕಿಅಂಶದ ಭರವಸೆಯಿಂದ ಹೇಳಬೇಕಾದರೆ ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಿಸಿರಬೇಕು ಎಂದು ರ‍್ಯಾಂಡ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು. ಅರೋರಾ 2025ರ ಶರತ್ಕಾಲದಲ್ಲಿ ಹೆಮ್ಮೆಯಿಂದ ಹೇಳಿಕೊಂಡ ಚಾಲಕರಹಿತ ದೂರ ಒಂದು ಲಕ್ಷ ಮೈಲಿ. ನಡುವಿನ ಕಂದಕವನ್ನು ಸದ್ಯಕ್ಕೆ ಕಂಪ್ಯೂಟರಿನೊಳಗಿನ ಅಣಕು ರಸ್ತೆಗಳಲ್ಲಿ ಓಡಿಸಿ ತುಂಬುತ್ತಿದ್ದಾರೆ. ಅದೂ ಪುರಾವೆಯೇ, ಆದರೆ ಬೇರೆ ಜಾತಿಯ ಪುರಾವೆ.

ಕಾನೂನು ಮಾಡುವವರು ಇಲ್ಲಿ ಒಂದೊಂದು ದಿಕ್ಕಿಗೆ. ಟೆಕ್ಸಾಸ್ 2017ರಲ್ಲೇ ಬಾಗಿಲು ತೆರೆಯಿತು, ಅದಕ್ಕೇ ಎಲ್ಲರೂ ಅಲ್ಲಿಗೆ ಓಡಿದ್ದು. ಕ್ಯಾಲಿಫೋರ್ನಿಯಾದ ಶಾಸಕರು ಭಾರೀ ಲಾರಿಯಲ್ಲಿ ತರಬೇತಾದ ಮನುಷ್ಯ ಇರಲೇಬೇಕೆಂದು 2023ರಲ್ಲಿ ಮಸೂದೆ ಪಾಸು ಮಾಡಿದರು, ಟೀಮ್‌ಸ್ಟರ್ಸ್ ಕಾರ್ಮಿಕ ಸಂಘ ಅದರ ಬೆನ್ನಿಗಿತ್ತು. ಗವರ್ನರ್ ಗ್ಯಾವಿನ್ ನ್ಯೂಸಮ್ ಅದನ್ನು ತಿರಸ್ಕರಿಸಿದರು. ಜರ್ಮನಿ 2021ರಲ್ಲಿ ನಿಗದಿತ ಪ್ರದೇಶಗಳಲ್ಲಿ ಚಾಲಕರಹಿತ ಓಡಾಟಕ್ಕೆ ಕಾಯ್ದೆ ತಂದಿತು. ಎಲ್ಲಿಯೂ ಕೂಲಿಯ ವಿಷಯ ಕಾನೂನಿನೊಳಗೆ ಬಂದಿಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ. ಚರ್ಚೆಯೆಲ್ಲ ಸೀಟಿನಲ್ಲಿ ಮನುಷ್ಯ ಇರಬೇಕೇ ಬೇಡವೇ ಎಂಬುದರ ಸುತ್ತಲೇ.

ಸಾರ್ವಜನಿಕ ರಸ್ತೆ ಇಲ್ಲದಲ್ಲಿ ಈ ಜಗಳವೇ ಮುಗಿದುಹೋಗಿದೆ. ಆಸ್ಟ್ರೇಲಿಯಾದ ಪಿಲ್ಬರಾ ಕಬ್ಬಿಣದ ಗಣಿಗಳಲ್ಲಿ ರಿಯೊ ಟಿಂಟೊ 2008ರಿಂದ ಚಾಲಕರಹಿತ ಟಿಪ್ಪರ್‌ಗಳನ್ನು ಓಡಿಸುತ್ತಿದೆ, ಅವುಗಳ ಮೇಲೆ ಕಣ್ಣಿಡುವವರು 1,500 ಕಿಲೋಮೀಟರ್ ದೂರದ ಪರ್ತ್ ನಗರದಲ್ಲಿ ಕುಳಿತಿದ್ದಾರೆ. ಚೀನಾದ ಒಳ ಮಂಗೋಲಿಯಾದ ಯಿಮಿನ್ ಕಲ್ಲಿದ್ದಲು ಗಣಿಯಲ್ಲಿ 2025ರ ಮೇ ತಿಂಗಳಲ್ಲಿ ಒಂದೇ ಸಲಕ್ಕೆ 100 ವಿದ್ಯುತ್ ಚಾಲಿತ ಚಾಲಕರಹಿತ ಟ್ರಕ್ಕುಗಳು ಇಳಿದವು. ಸ್ವೀಡನ್‌ನ ಐನ್‌ರೈಡ್ 2019ರಲ್ಲೇ ಕ್ಯಾಬಿನ್ನೇ ಇಲ್ಲದ ವಾಹನವನ್ನು ರಸ್ತೆಗಿಳಿಸಿತು. ಡ್ರೈವರ್ ಬಂದು ಕುಳಿತುಕೊಳ್ಳೋಣ ಎಂದರೂ ಜಾಗವಿಲ್ಲ.

ಹೊಸ ಕೆಲಸಗಳು ಹುಟ್ಟುವುದಿಲ್ಲವೇ? ಹುಟ್ಟುತ್ತವೆ. ಚಾಲಕರಹಿತ ಲಾರಿ ಹೊರಡುವ ಮೊದಲು ತರಬೇತಾದ ತಪಾಸಕ ಹಂತಹಂತವಾಗಿ ಪರೀಕ್ಷೆ ಮಾಡಬೇಕೆಂಬ ಪದ್ಧತಿಯನ್ನು ಉತ್ತರ ಅಮೆರಿಕದ ವಾಹನ ಸುರಕ್ಷತಾ ಒಕ್ಕೂಟ ರೂಪಿಸಿದೆ. ಅದಕ್ಕೆ 40 ಗಂಟೆಯ ಕೋರ್ಸು ಇದೆ. ಟೈರು ತಟ್ಟಿ ನೋಡುವುದು, ಬ್ರೇಕಿನ ಸವೆತ ಅಳೆಯುವುದು, ದೀಪ, ಸರಪಳಿ, ಸೋರಿಕೆ. ಒಳ್ಳೆಯ ಡ್ರೈವರ್ ಪ್ರತಿ ಬೆಳಿಗ್ಗೆ ಮಾಡುತ್ತಿದ್ದ ಕೆಲಸ ಈಗ ಬೇರೆ ಹುದ್ದೆಯಾಗಿದೆ, ಅದಕ್ಕೆ ಗಂಟೆಯ ಲೆಕ್ಕದಲ್ಲಿ ಸಂಬಳವಿದೆ. ಹಾಗೆಯೇ ದೂರದಿಂದ ನಿಗಾ ಇಡುವವರು, ಸೆನ್ಸರ್ ಒರೆಸುವವರು. ಒಬ್ಬ ಚಾಲಕನ ಕೆಲಸವನ್ನು ಬಿಡಿಬಿಡಿಯಾಗಿ ಒಡೆದು ಹಂಚಿದರೆ ಹೀಗೆ ಪಟ್ಟಿ ಉದ್ದವಾಗುತ್ತದೆ, ಒಟ್ಟು ತಲೆಗಳು ಕಡಿಮೆಯಾಗುತ್ತವೆ. ಜತೆಗೆ ಅವು ಟರ್ಮಿನಲ್ ಇರುವಲ್ಲಿ ಮಾತ್ರ. ಹೆದ್ದಾರಿಯುದ್ದಕ್ಕೂ ಲಾರಿಯವರನ್ನೇ ನಂಬಿ ನಿಂತ ಊಟದ ಮನೆ, ಪಂಕ್ಚರ್ ಅಂಗಡಿಗಳಿಗೆ ಅದರಿಂದ ಏನೂ ಇಲ್ಲ.

ಇಷ್ಟರಲ್ಲಿ ನನಗೆ ಅತ್ಯಂತ ಕುತೂಹಲದ ಬದಲಾವಣೆ ಗೋದಾಮಿನ ಗೇಟಿನದು. ಮನುಷ್ಯ ಪುಕ್ಕಟೆಯಾಗಿ ಕಾಯುವವರೆಗೆ ಗೋದಾಮಿನವರಿಗೆ ಆತುರವಿರಲಿಲ್ಲ, ಏಕೆಂದರೆ ಆ ಹೊತ್ತಿನ ಬೆಲೆ ಅವರ ಖಾತೆಯಲ್ಲಿ ಬರುತ್ತಿರಲಿಲ್ಲ. ಯಂತ್ರ ಕಾದರೆ ಹಾಗಲ್ಲ. ದಿನಕ್ಕೆ 20 ಗಂಟೆ ಓಡುತ್ತದೆಂಬ ಲೆಕ್ಕದ ಮೇಲೆ ಸಾಲ ತಂದು ಕೊಂಡ ವಾಹನ ಮೂರು ಗಂಟೆ ನಿಂತರೆ ಯಾರೋ ಒಬ್ಬರು ಬಿಲ್ ಕಳಿಸುತ್ತಾರೆ. ಹಾಗಾಗಿ ಯಂತ್ರವನ್ನು ಕಾಯಿಸುವುದೇ ಇಲ್ಲ. ಅದು ಬರುವ ಹೊತ್ತಿಗೆ ಟ್ರೇಲರ್ ತುಂಬಿ ಸಿದ್ಧವಾಗಿರುತ್ತದೆ, ನಿಲ್ಲಲು ಗುರುತು ಹಾಕಿದ ಜಾಗವಿರುತ್ತದೆ, ಗೇಟು ತಾನಾಗಿ ತೆರೆಯುತ್ತದೆ. ಕಾದ ಹೊತ್ತಿಗೆ ಕೂಲಿ ಕೊಡಿ, ನಿಲ್ಲಲು ಜಾಗ ಕೊಡಿ, ಹೇಳಿದ ಸಮಯಕ್ಕೆ ಲೋಡು ಕೊಡಿ ಎಂದು ಚಾಲಕರು ದಶಕಗಳಿಂದ ಕೇಳುತ್ತ ಬಂದದ್ದು ಇದನ್ನೇ.

ಟರ್ಮಿನಲ್‌ನಲ್ಲಿ ಒಂದು ಹಸ್ತಾಂತರ ಹೀಗೆ ನಡೆಯುತ್ತದೆ. ನಗರದ ಗೋದಾಮಿನಿಂದ ಬಂದ ಡ್ರೈವರ್ ಗುರುತಿನ ಗೆರೆಗೆ ಸರಿಯಾಗಿ ಟ್ರೇಲರ್ ನಿಲ್ಲಿಸುತ್ತಾನೆ. ಇಳಿದು ಹಿಡಿಕೆ ತಿರುಗಿಸಿ ಟ್ರೇಲರಿನ ಮುಂಗಾಲುಗಳನ್ನು ನೆಲಕ್ಕೆ ಊರಿಸುತ್ತಾನೆ. ಕೆಂಪು, ನೀಲಿ ಎರಡು ಗಾಳಿ ಪೈಪು ಬಿಚ್ಚುತ್ತಾನೆ, ವಿದ್ಯುತ್ ಕೇಬಲ್ ಕಿತ್ತು ಕೊಕ್ಕೆಗೆ ಸಿಕ್ಕಿಸುತ್ತಾನೆ, ಬಗ್ಗಿ ಕೊಂಡಿಯ ಹಿಡಿ ಎಳೆಯುತ್ತಾನೆ. ಚಾಲಕರಹಿತ ಲಾರಿ ಹಿಮ್ಮುಖವಾಗಿ ಬಂದು ಅದೇ ಟ್ರೇಲರಿಗೆ ಕೂಡಿಕೊಳ್ಳುತ್ತದೆ. ಆದರೆ ಆ ಕೆಂಪು ನೀಲಿ ಪೈಪುಗಳನ್ನು ಮತ್ತೆ ಸಿಕ್ಕಿಸಲು ಅದಕ್ಕೆ ಕೈಯಿಲ್ಲ, ಟರ್ಮಿನಲ್‌ನ ಸಿಬ್ಬಂದಿ ಸಿಕ್ಕಿಸುತ್ತಾರೆ. ಲಾರಿ ಹೆದ್ದಾರಿಯ ಕಡೆ ಹೊರಡುತ್ತದೆ. ನಮ್ಮ ಡ್ರೈವರ್ ಮುಂದಿನ ಟ್ರೇಲರಿಗಾಗಿ ಗೋದಾಮಿಗೆ ಮರಳುತ್ತಾನೆ, ಸಾಲಿನಲ್ಲಿ ತನ್ನ ಮುಂದೆ ಎಷ್ಟು ಗಾಡಿಗಳಿವೆ ಎಂದು ಎಣಿಸುತ್ತಾನೆ, ಎಂಜಿನ್ ಆರಿಸಿ ಕಾಯುತ್ತಾನೆ.